ನೋವು ನುಂಗುವುದನ್ನು ಹೊಗಳಬೇಡಿ

ಗದಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ರುಮಟಾಯ್ಡ್ ಸಂಧಿವಾತ ಶುರುವಾಗಿ ಹತ್ತು ವರ್ಷದ ಮೇಲಾಯಿತು. ಇಷ್ಟು ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ ಹೊಗಳಿಕೆ ಒಂದೇ: "ಬಾಯಾರು ಭಾಳ ಗಟ್ಟಿ ಬಿಡ್ರಿ, ಎಷ್ಟು ನೋವಿದ್ರೂ ಒಂದ್ ಮಾತ್ ಹೊರಗ ಬಿಡಂಗಿಲ್ಲ." ಹೇಳುವವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೂ ಈ ಹೊಗಳಿಕೆ ನಿಲ್ಲಬೇಕು ಎಂದು ಕೇಳಿಕೊಳ್ಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಜ್ವರವನ್ನು ನಾಲ್ಕು ದಿನ ಬಾಯಿ ಮುಚ್ಚಿ ತಡೆದುಕೊಳ್ಳಬಹುದು. ಬದುಕಿರುವವರೆಗೂ ಜೊತೆಗಿರುವ ಕಾಯಿಲೆಯೊಡನೆ ಹಾಗೆ ಬಾಳಲಾಗದು. ಕಾಯಿಲೆಯವರನ್ನು ಕೈಹಿಡಿದು ನಡೆಸುವ ಶಕ್ತಿಗಳು ನಮ್ಮ ಸಂಸ್ಕೃತಿಯಲ್ಲಿ ಬೇಕಾದಷ್ಟಿವೆ. ಮೌನ ಅವುಗಳಲ್ಲಿ ಸೇರಿಲ್ಲ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಸಂಧಿವಾತ ಎಂದ ಕೂಡಲೇ ಎಲ್ಲರೂ ವಯಸ್ಸಾದವರ ಮೊಣಕಾಲು ನೋವನ್ನು ನೆನೆಯುತ್ತಾರೆ. ಅದು ಕೀಲು ಸವೆಯುವುದರಿಂದ ಬರುವಂಥದ್ದು. ನನ್ನದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಬಹುತೇಕ ಎರಡೂ ಕಡೆ ಒಟ್ಟಿಗೆ ಊದುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮಕ್ಕಳು ಇನ್ನೂ ಸಣ್ಣವರಿರುವ ವಯಸ್ಸಿನಲ್ಲೇ ಬರಬಹುದು. ಬೆಳಗ್ಗೆ ಎದ್ದಾಗ ಕೈಕಾಲು ಒಂದು ತಾಸಿಗೂ ಹೆಚ್ಚು ಹೊತ್ತು ಬಿಗಿದುಕೊಂಡಿರುವುದು ಇದರ ಮುಖ್ಯ ಗುರುತು. ಬಿಸಿಲು ಏರಿದಂತೆ ಕೈ ಸ್ವಲ್ಪ ಸಡಿಲಾಗುತ್ತದೆ. ಹಾಗಾಗಿ ಮಧ್ಯಾಹ್ನ ನೋಡಿದವರಿಗೆ ನಾವು ಕಾಯಿಲೆಯವರಂತೆ ಕಾಣುವುದೇ ಇಲ್ಲ. "ನಿನ್ನೆ ಚಲೋ ಇದ್ದಿ, ಇವತ್ತೇನಾತು?" ಎಂಬ ಪ್ರಶ್ನೆ ಈ ಕಾಯಿಲೆಯವರೆಲ್ಲ ಕೇಳಿಸಿಕೊಂಡದ್ದೇ.

ನಮ್ಮ ಕಡೆ ಹೆಂಗಸಿನ ದಿನ ಶುರುವಾಗುವುದು ರೊಟ್ಟಿಯಿಂದ. ಕುದಿಯುವ ಎಸರಿಗೆ ಜೋಳದ ಹಿಟ್ಟು ಹಾಕಿ, ಬಿಸಿ ಆರುವ ಮೊದಲೇ ಅಂಗೈಯಿಂದ ನಾದಿ, ಹಲಗೆಯ ಮೇಲೆ ತಿರುಗಿಸುತ್ತ ಬಡಿಯಬೇಕು. ಅಂಗೈ, ಮಣಿಕಟ್ಟು, ಬೆರಳು ಮೂರೂ ಗಟ್ಟಿಯಿದ್ದರೆ ಮಾತ್ರ ಆಗುವ ಕೆಲಸ ಅದು. ಅದೂ ಕೀಲುಗಳು ಅತಿ ಹೆಚ್ಚು ಬಿಗಿದಿರುವ ಹೊತ್ತಿನಲ್ಲೇ ಆಗಬೇಕು. ರೊಟ್ಟಿ ಬಡಿಯಲಾಗದ ಸೊಸೆಯ ಕಷ್ಟ ಅಡಿಗೆಮನೆಯಲ್ಲಿ ನಿಲ್ಲುವುದಿಲ್ಲ, ಮನೆಯಲ್ಲಿ ಅವಳ ಸ್ಥಾನದವರೆಗೂ ಹೋಗುತ್ತದೆ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಊದಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ, ನೋವಿನ ಗುಳಿಗೆ ನುಂಗಿ ಒಲೆಯ ಮುಂದೆ ಕೂಡುತ್ತಾರೆ. ನೋಡಿದವರು "ಎಷ್ಟು ತಾಳ್ಮೆ" ಎನ್ನುತ್ತಾರೆ.

ಈ ತಾಳ್ಮೆಯ ಬೆಲೆ ಎಷ್ಟೆಂದು ಹುಬ್ಬಳ್ಳಿಯ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಕಂಡಿದ್ದೇನೆ. ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳು ಬಹಳ ಅಮೂಲ್ಯ. ಆಗಲೇ ಸರಿಯಾದ ಔಷಧ ಶುರುವಾದರೆ ಕೀಲು ಹಾಳಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಆ ಬೆಂಚುಗಳ ಮೇಲೆ ಕೂತವರಲ್ಲಿ ಎಷ್ಟೋ ಜನರ ಬೆರಳು ಆಗಲೇ ಸೊಟ್ಟಗಾಗಿರುತ್ತವೆ. ಯಾಕವ್ವ ಇಷ್ಟು ತಡ ಎಂದು ಕೇಳಿದರೆ ಒಬ್ಬಾಕೆ, ಮಗಳ ಮದುವೆ ಆಗುವವರೆಗೂ ಯಾರಿಗೂ ಹೇಳಬಾರದು ಅಂತಿದ್ದೆ, ತಾಯಿಗೆ ಐತಿ ಅಂದ್ರ ಮಗಳಿಗೂ ಬರತೈತಿ ಅಂತಾರ ಎಂದಳು. ಇನ್ನೊಬ್ಬಾಕೆಗೆ ಅತ್ತೆ ಹೇಳಿದ್ದು "ನಮ್ಮ ಕಾಲಕ್ಕೂ ನೋವಿತ್ತು, ನಾವು ಹೇಳತಿದ್ದಿಲ್ಲ" ಎಂದು. ಇವರ ಬೆರಳುಗಳನ್ನು ಬಗ್ಗಿಸಿದ್ದು ಕಾಯಿಲೆ. ಅದಕ್ಕೆ ಅಷ್ಟು ಕಾಲಾವಕಾಶ ಕೊಟ್ಟದ್ದು ಮೌನ.

ಮೌನದಿಂದ ಜೀವಕ್ಕೇ ಅಪಾಯವಾಗುವುದೂ ಉಂಟು. ಈ ಕಾಯಿಲೆಗೆ ಹೆಚ್ಚಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಜೊತೆಗೆ ಫೋಲಿಕ್ ಆಸಿಡ್ ಗುಳಿಗೆ ಇರುತ್ತದೆ, ಅದನ್ನು ಸಾಮಾನ್ಯವಾಗಿ ಬೇರೆ ದಿನ ನುಂಗುವುದು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಯಕೃತ್ತು ಮತ್ತು ರಕ್ತಕಣಗಳ ಸ್ಥಿತಿ ನೋಡುತ್ತಿರಬೇಕು. ವಾರಕ್ಕೊಮ್ಮೆಯ ಗುಳಿಗೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಬಸುರಿಯಾಗುವ ಯೋಚನೆ ಇದ್ದರೆ ವೈದ್ಯರನ್ನು ಕೇಳಿ ಮೊದಲೇ ನಿಲ್ಲಿಸಬೇಕು, ಯಾಕೆಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಅದು ಹಾನಿ ಮಾಡುತ್ತದೆ. ಹೊಸದಾಗಿ ಮದುವೆಯಾದ ಹುಡುಗಿ ಈ ಗುಳಿಗೆಯನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದರೆ ಅವಳಿಗೆ ದಿನ ನೆನಪಿಸುವವರು ಯಾರು? ಪರೀಕ್ಷೆಗೆ ಕರೆದೊಯ್ಯುವವರು ಯಾರು? ಮಗುವಿನ ಮಾತು ಬಂದಾಗ ವೈದ್ಯರ ಮುಂದೆ ಕೂಡಿಸುವವರು ಯಾರು? ನನ್ನ ಗುಳಿಗೆಯ ದಿನ ರವಿವಾರ. ಅದು ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿದೆ. ನಾನು ಮರೆತರೂ ಮಗ ಮರೆಯುವುದಿಲ್ಲ.

ದೇಹದ ಮಾತಾಯಿತು, ಇನ್ನು ಮನಸ್ಸಿನದು. ಈ ಕಾಯಿಲೆಯವರಲ್ಲಿ ಖಿನ್ನತೆ ಎಷ್ಟಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಮಾನದಂಡದಂತೆ ತೀವ್ರ ಖಿನ್ನತೆ ಎಂದು ಹೇಳಬಹುದಾದವರೇ ನೂರಕ್ಕೆ ಸುಮಾರು 17 ಮಂದಿ ಎಂದು ಅದರಲ್ಲಿ ಕಂಡುಬಂತು. ಮನಸ್ಸು ಕುಗ್ಗಿದಾಗ ಔಷಧ ತಪ್ಪುತ್ತದೆ, ವ್ಯಾಯಾಮ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಅದೇ ನೋವು ಇಮ್ಮಡಿಯಾಗಿ ತಾಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಕೀಲು ಎಷ್ಟು ಊದಿದೆ ಎಂದು ಒತ್ತಿ ನೋಡುತ್ತಾರೆ, ರಕ್ತ ತೆಗೆಯುತ್ತಾರೆ. "ರಾತ್ರಿ ನಿದ್ದಿ ಬರತೈತೇನವ್ವ? ಅಳು ಬರತೈತೇನು?" ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಮನೆಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ತಡಕೋಬೇಕವ್ವ.

ನಮ್ಮ ಹಿಂದಿನವರೆಲ್ಲ ಬರೀ ತಡೆದುಕೊಂಡೇ ಬದುಕಿದರೆಂಬ ಮಾತನ್ನು ಕನ್ನಡ ಮೇಷ್ಟ್ರ ಕೆಲಸ ಮಾಡುವ ನಾನು ಒಪ್ಪುವುದಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕಲೆಹಾಕಿದ 'ಗರತಿಯ ಹಾಡು' ತೆರೆದು ನೋಡಿ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಏನನ್ನು ಹೇಳದೆ ಬಿಟ್ಟಿದ್ದಾರೆ? ತವರಿನ ಹಂಬಲ, ಬಂಜೆತನದ ಸಂಕಟ, ಸತ್ತ ಕೂಸು, ಅತ್ತೆಯ ಮಾತು, ಗಂಡನ ಅನಾದರ ಎಲ್ಲವೂ ಆ ಹಾಡುಗಳ ಮೂರು ಮೂರು ಸಾಲುಗಳೊಳಗೆ ಬಂದಿವೆ. ಒಬ್ಬಳು ಎತ್ತಿಕೊಟ್ಟ ಹಾಡನ್ನು ಎದುರು ಕೂತವಳು ಹಿಡಿಯುತ್ತಿದ್ದಳು. ಗೂಟವನ್ನು ಇಬ್ಬರ ಕೈ ಹಿಡಿದಿರುತ್ತಿತ್ತು, ದುಃಖವನ್ನೂ ಇಬ್ಬರ ದನಿ ಹಿಡಿಯುತ್ತಿತ್ತು. ಹಿಟ್ಟಿನ ಗಿರಣಿ ಬಂದು ಆ ದುಡಿತ ತಪ್ಪಿದ್ದು ಒಳ್ಳೆಯದೇ ಆಯಿತು. ನನ್ನಂಥ ಮಣಿಕಟ್ಟಿನವಳಿಗಂತೂ ಗಿರಣಿ ದೊಡ್ಡ ಉಪಕಾರ. ಆದರೆ ಕಲ್ಲಿನ ಜೊತೆಗೆ ಎದುರು ಬದುರು ಕೂತು ಹೇಳಿಕೊಳ್ಳುವ ಆ ಜಾಗವೂ ಮನೆಯಿಂದ ಹೋಯಿತು. ಅದರ ಬದಲು ಇನ್ನೊಂದು ಜಾಗವನ್ನು ನಾವು ಕಟ್ಟಲಿಲ್ಲ. ಹಾಡುವ ಹೆಂಗಸರ ಸಂಸ್ಕೃತಿಯನ್ನು ಮರೆತು, ಸುಮ್ಮನಿರುವ ಹೆಂಗಸನ್ನು ನಮ್ಮ ಸಂಪ್ರದಾಯ ಎಂದು ಕರೆಯತೊಡಗಿದೆವು.

ದೇವರ ವಿಷಯಕ್ಕೆ ಬರುತ್ತೇನೆ. ದೀರ್ಘ ಕಾಯಿಲೆಯವರ ಮನೆಯಲ್ಲಿ ದೇವರ ಮಾತು ಬರದ ದಿನವಿಲ್ಲ. ನಮ್ಮ ಅತ್ತೆ ನನ್ನ ಸಲುವಾಗಿ ಹರಕೆ ಹೊತ್ತರು, ಸೋಮವಾರ ಒಪ್ಪತ್ತು ಹಿಡಿದರು. ಓಣಿಯ ಮುಸ್ಲಿಂ ಗೆಳತಿ ದರ್ಗಾದಿಂದ ದಾರ ತಂದು ಕಟ್ಟಿದಳು. ಅವರಿಬ್ಬರ ಪ್ರೀತಿ ನನಗೆ ಔಷಧದಷ್ಟೇ ಬೇಕಾಗಿತ್ತು. ಮಂಗಳವಾರದ ಭಜನೆಯಲ್ಲಿ ತಾಳ ಹಿಡಿಯಲು ಬೆರಳು ಒಪ್ಪದಿದ್ದಾಗ ಬರೀ ದನಿಗೂಡಿಸುತ್ತಿದ್ದೆ. ಆ ಒಂದು ತಾಸು ನೋವು ಹಿಂದೆ ಸರಿಯುತ್ತಿತ್ತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಅದೇ ಓಣಿಯಲ್ಲಿ ಇನ್ನೊಂದು ಮಾತೂ ಕೇಳಿದ್ದೇನೆ: "ಹಿಂದಿನ ಜನ್ಮದಾಗ ಏನ ಮಾಡಿದ್ದಳೋ, ಈಗ ಉಣ್ಣಾಕತ್ತಾಳ." ಈ ಮಾತು ಕಾಯಿಲೆಗಿಂತ ಆಳಕ್ಕೆ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ತಮ್ಮ ಕೆಲಸದ ಬಹುಭಾಗವನ್ನು ಕಷ್ಟದಲ್ಲಿರುವವರಿಗೆ ಧರ್ಮ ಹೇಗೆ ಒದಗುತ್ತದೆ ಎಂಬ ಪ್ರಶ್ನೆಗೇ ಮೀಸಲಿಟ್ಟವರು. ಅವರು ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾಗಿದ್ದ, 55 ದಾಟಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ತಮ್ಮನ್ನು ಕೈಬಿಟ್ಟ, ದೇವರಿಗೆ ತಮ್ಮ ಮೇಲೆ ಪ್ರೀತಿಯಿಲ್ಲ ಎಂಬಂಥ ಸಂಕಟದಲ್ಲಿದ್ದವರು ಆ ಅವಧಿಯಲ್ಲಿ ಸಾಯುವ ಸಂಭವ ಉಳಿದವರಿಗಿಂತ ಹೆಚ್ಚಾಗಿತ್ತು. ದೇವರು ಜೊತೆಗಿದ್ದಾನೆ ಎಂಬ ನಂಬಿಕೆ ಆಸರೆಯಾಗುತ್ತದೆ, ದೇವರು ಶಿಕ್ಷಿಸುತ್ತಿದ್ದಾನೆ ಎಂಬ ನಂಬಿಕೆ ಇದ್ದ ಆಸರೆಯನ್ನೂ ಕಸಿಯುತ್ತದೆ. ಕಾಯಿಲೆಯವರ ಮನೆಗೆ ಹೋಗುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಬೇಕು. ಪ್ರಸಾದ ತನ್ನಿ, ಕರ್ಮದ ಲೆಕ್ಕ ತರಬೇಡಿ.

ನಂಬಿಕೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಅನ್ಯಾಯವನ್ನೂ ಹೇಳಲೇಬೇಕು. ಸಂತೆಗಳಲ್ಲಿ, ಬಸ್ ನಿಲ್ದಾಣದ ಅಕ್ಕಪಕ್ಕದಲ್ಲಿ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ವಾತದ ಔಷಧವೆಂದು ಮಾರುತ್ತಾರೆ. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಬೆರೆಸಿರುತ್ತಾರೆ. ತಿಂದ ಮರುದಿನವೇ ಹಗುರವೆನಿಸುತ್ತದೆ, ರೋಗಿ ಆಸ್ಪತ್ರೆಯ ಗುಳಿಗೆ ಬಿಡುತ್ತಾಳೆ. ತಿಂಗಳುಗಳ ಮೇಲೆ ಮುಖ ಊದಿ, ಮೂಳೆ ಟೊಳ್ಳಾಗಿ, ಸಕ್ಕರೆ ಏರಿ ಮರಳಿ ಬರುತ್ತಾಳೆ. ನೋವನ್ನು ನಾಲ್ಕು ಜನರ ಎದುರು ಹೇಳಿಕೊಳ್ಳಲಾಗದವರೇ ಇಂಥ ಪುಡಿಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಹಾಗಾದರೆ ದೀರ್ಘ ಕಾಯಿಲೆಯವರನ್ನು ಎತ್ತಿ ನಿಲ್ಲಿಸುವುದು ಯಾವುದು? ಅಮೆರಿಕದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ನೆಲೆಸಿದ ಸಮಾಜವಿಜ್ಞಾನಿ ಆರನ್ ಆಂಟನೋವ್ಸ್ಕಿ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಕೇಳಿದವರು. 1970ರ ಸುಮಾರಿಗೆ ಅವರು ನಡುವಯಸ್ಸಿನ ಹೆಂಗಸರ ಆರೋಗ್ಯವನ್ನು ಅಧ್ಯಯನ ಮಾಡುತ್ತಿದ್ದಾಗ, ಅವರಲ್ಲಿ ನಾಜಿ ಯಾತನಾ ಶಿಬಿರಗಳಿಂದ ಬದುಕಿ ಬಂದವರೂ ಇದ್ದರು. ಅಂಥ ನರಕ ಕಂಡವರಲ್ಲಿಯೂ ನೂರಕ್ಕೆ 29 ಮಂದಿಯ ಮನಸ್ಸಿನ ಆರೋಗ್ಯ ಚೆನ್ನಾಗಿತ್ತು. ಉಳಿದವರು ಯಾಕೆ ಕುಸಿದರೆಂದು ಕೇಳುವುದು ಸುಲಭವಿತ್ತು. ಆಂಟನೋವ್ಸ್ಕಿ ಈ 29 ಮಂದಿ ಹೇಗೆ ನಿಂತರೆಂದು ಕೇಳಿದರು. ಅವರಿಗೆ ಕಂಡ ಉತ್ತರದಲ್ಲಿ ಮೂರು ಅಂಶಗಳಿವೆ. ತನಗೆ ಏನಾಗುತ್ತಿದೆ ಎಂಬುದು ಮನುಷ್ಯನಿಗೆ ತಿಳಿದಿರಬೇಕು. ಅದನ್ನು ನಿಭಾಯಿಸಲು ಕೈಗೆಟುಕುವ ದಾರಿಗಳಿರಬೇಕು, ಜನರಿರಬೇಕು. ಇಷ್ಟೆಲ್ಲ ಪಡುವುದಕ್ಕೆ ತಕ್ಕದ್ದು ಬದುಕಿನಲ್ಲಿ ಏನೋ ಇದೆ ಎಂದು ಅನ್ನಿಸಬೇಕು.

ಇದಕ್ಕೆ ಜೊತೆಯಾಗುವ ಇನ್ನೊಂದು ಕೆಲಸ ಸಂಧಿವಾತಕ್ಕೇ ಸಂಬಂಧಿಸಿದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಸಂಧಿವಾತದವರಿಗಾಗಿ ಆರು ವಾರಗಳ ತರಬೇತಿ ರೂಪಿಸಿದರು. ವಾರಕ್ಕೊಮ್ಮೆ ಹತ್ತು ಹದಿನೈದು ಜನ ಕೂಡುವುದು, ತರಬೇತಿ ಪಡೆದ ಸಾಮಾನ್ಯರೇ ಅದನ್ನು ನಡೆಸುವುದು, ಹಾಗೆ ನಡೆಸುವವರಲ್ಲಿ ಅನೇಕರು ತಾವೂ ಸಂಧಿವಾತದವರಾಗಿರುವುದು ಅದರ ಕ್ರಮ. ಬಂದವರ ನೋವು ಕಡಿಮೆಯಾಯಿತು. ವ್ಯಾಯಾಮ ಹೆಚ್ಚು ಮಾಡಿದ್ದರಿಂದ ಹೀಗಾಯಿತೇ ಎಂದು ಪರಿಶೀಲಿಸಿದಾಗ ಆ ನಂಟು ತೀರ ಸಡಿಲವಾಗಿತ್ತು. ಸುಧಾರಿಸಿದವರಲ್ಲಿ ಸ್ಪಷ್ಟವಾಗಿ ಕಂಡದ್ದು "ಇದನ್ನು ನಾನು ಸಂಭಾಳಿಸಬಲ್ಲೆ" ಎಂಬ ಭರವಸೆ. ತನ್ನಂಥವರೇ ನಾಲ್ಕು ಜನ ಸಂಭಾಳಿಸುವುದನ್ನು ಕಣ್ಣಾರೆ ಕಂಡಾಗ ಆ ಭರವಸೆ ಬೇಗ ಬೇರು ಬಿಡುತ್ತದೆ.

ನನ್ನ ಅನುಭವವೂ ಇದೇ. ಆಸ್ಪತ್ರೆಯ ಸರದಿಯಲ್ಲಿ ಪಕ್ಕದಲ್ಲಿ ಕೂತ ನವಲಗುಂದ ಕಡೆಯ ಒಬ್ಬ ಹಿರಿಯ ಹೆಂಗಸು ನನ್ನ ಕೈ ನೋಡಿ, ತುಂಬಿದ ಚೆರಿಗೆಯನ್ನು ಬೆರಳಿನಿಂದ ಹಿಡಿಯಬೇಡ, ಎರಡೂ ಅಂಗೈಯಲ್ಲಿ ಎತ್ತು ಎಂದರು. ಬೆಳಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಚ್ಚು, ಆಮೇಲೆ ಉಳಿದ ಕೆಲಸ ಎಂದರು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡು, ನಲ್ಲಿಗೆ ಉದ್ದ ಹಿಡಿಯ ತಿರುಪು ಹಾಕಿಸು, ನೀರಿಗೆ ಭಾರದ ಕೊಡದ ಬದಲು ಸಣ್ಣ ಜಗ್ ಇಟ್ಟುಕೋ ಎಂದರು. ಸರದಿ ಬರುವಷ್ಟರಲ್ಲಿ ಅವರು ಇಷ್ಟು ಕಲಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಈ ಕಾಯಿಲೆ ಹೊತ್ತುಕೊಂಡೇ ಅವರು ಮೊಮ್ಮಕ್ಕಳನ್ನು ಬೆಳೆಸಿದ್ದರು. ಅವರನ್ನು ಕಂಡ ದಿನ ನನ್ನ ಮುಂದಿನ ವರ್ಷಗಳು ನನಗೆ ಕಾಣತೊಡಗಿದವು.

ಬಾಯಿ ಬಿಟ್ಟು ಹೇಳಿದ ಮೇಲೆ ಉಳಿದ ದಾರಿಗಳೂ ತೆರೆದವು. ಮುಖ್ಯೋಪಾಧ್ಯಾಯರಿಗೆ ನನ್ನ ಬೆಳಗಿನ ಸ್ಥಿತಿ ವಿವರಿಸಿದೆ, ಅವರು ಮೊದಲ ಪಿರಿಯಡ್ಡನ್ನು ಬೇರೆಯವರಿಗೆ ಕೊಟ್ಟು ನನಗೆ ಮೂರನೆಯದರಿಂದ ಪಾಠ ಹಾಕಿದರು. ಕಪ್ಪುಹಲಗೆಯ ಮೇಲೆ ಈಗ ಮಕ್ಕಳೇ ಸರದಿಯಲ್ಲಿ ಬರೆಯುತ್ತಾರೆ. ಅದರಿಂದ ಅವರ ಒತ್ತಕ್ಷರಗಳೂ ತಿದ್ದಿಕೊಂಡವು. ಮನೆಯಲ್ಲಿ ಮಗ ಹಿಟ್ಟು ನಾದುವುದನ್ನು ಕಲಿತ, ಗಂಡ ಪಲ್ಯದ ಜವಾಬ್ದಾರಿ ಹೊತ್ತರು. ರೊಟ್ಟಿಯನ್ನು ಓಣಿಯ ಒಬ್ಬ ವಿಧವೆಯಿಂದ ಕೊಳ್ಳುತ್ತೇವೆ. ಮನೆಯಲ್ಲಿ ಹೆಂಗಸು ಇದ್ದೂ ರೊಟ್ಟಿ ಕೊಂಡು ತಿನ್ನುವುದೇ ಎಂದು ಆಡಿಕೊಂಡವರು ಇದ್ದರು. ಆಕೆಯ ಇಬ್ಬರು ಮಕ್ಕಳು ಆ ರೊಟ್ಟಿಯ ದುಡ್ಡಿನಲ್ಲಿ ಓದುತ್ತಿದ್ದಾರೆ. ಇವು ಯಾವುವೂ ಸಾಧನೆಗಳೆಂದು ನಾನು ಹೇಳುತ್ತಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಕೇಳಿದಾಗ ಜನ ಕೊಟ್ಟರು. ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಕೊಡುವ ಅವಕಾಶವೇ ಸಿಗುತ್ತಿರಲಿಲ್ಲ.

ನನ್ನ ನೌಕರಿ ಸರ್ಕಾರದ್ದು, ಸಂಬಳ ತಪ್ಪುವುದಿಲ್ಲ, ಆದ್ದರಿಂದ ಈ ಮಾತು ನನಗೆ ಸುಲಭ ಎನ್ನಬಹುದು. ಅದು ನಿಜ. ಹತ್ತಿ ಬಿಡಿಸುವ, ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಯಾಕೆಗೆ ಬೆರಳೇ ಬಂಡವಾಳ. ಅವಳು ಹೇಳಿಕೊಂಡರೆ ನಾಳೆಯ ಕೂಲಿಯೇ ತಪ್ಪಬಹುದು. ಹಾಗಾಗಿ ಹೇಳಿಕೊಳ್ಳುವ ಧೈರ್ಯವನ್ನು ಒಬ್ಬೊಬ್ಬರ ಹೆಗಲಿಗೆ ಬಿಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಅದಕ್ಕೆ ಜಾಗ, ಕಾನೂನು, ವ್ಯವಸ್ಥೆ ಎಲ್ಲವೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಮಾಡಿಕೊಡಲೇಬೇಕು, ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಅವರನ್ನು ತೆಗೆಯುವಂತಿಲ್ಲ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ನೂರಕ್ಕೆ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಬೆಳಗ್ಗೆ ಎದ್ದು ನಿಲ್ಲಲಾಗದೆ ಮಧ್ಯಾಹ್ನ ನಡೆದಾಡುವ ಕಾಯಿಲೆಯನ್ನು ಆ ಅಳತೆ ಸುಲಭವಾಗಿ ಹಿಡಿಯುವುದಿಲ್ಲ. ಅಸಂಘಟಿತ ಕೂಲಿಗಳಿಗಂತೂ ಆ ಕಾಯ್ದೆಯ ನೆರಳು ಬಲು ತೆಳು.

ಕಾಯಿಲೆಯವರಿಗೆ ಊರೇ ಜೊತೆಯಾಗುವಂಥ ವ್ಯವಸ್ಥೆಗೆ ದೊಡ್ಡ ದುಡ್ಡು ಬೇಕೆಂದು ನನಗೆ ಅನ್ನಿಸುವುದಿಲ್ಲ. ಪಕ್ಕದ ಕೇರಳ ಇದನ್ನು ಮಾಡಿ ತೋರಿಸಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತಿತರರು ನೋವು ಶಮನದ ಸಂಸ್ಥೆ ಕಟ್ಟಿದರು. ಮುಂದೆ ಮಲಪ್ಪುರಂ ಜಿಲ್ಲೆಯ ಹಳ್ಳಿಗಳಲ್ಲಿ ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ಹಾಸಿಗೆ ಹಿಡಿದವರ, ದೀರ್ಘ ಕಾಯಿಲೆಯವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರವೇ ಇದಕ್ಕೊಂದು ನೀತಿ ರೂಪಿಸಿತು. ನೆರೆಯವನ ನೋವು ಊರಿನ ಹೊಣೆ ಎಂದು ಒಪ್ಪಿಕೊಂಡದ್ದೇ ಅದರ ಬುನಾದಿ.

ನಮ್ಮಲ್ಲಿ ಈ ಗುಣಕ್ಕೆ ಬರವಿಲ್ಲ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಅವರು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಊಟ, ಸಂಗೀತ, ಗುರು, ಜೊತೆಗಾರರನ್ನು ಕೊಟ್ಟರು. ಸುತ್ತಲಿನ ಜನ ಜೋಳ ಕೊಟ್ಟು ಆ ದಾಸೋಹ ನಡೆಸಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ಅಲ್ಲಿ ಯಾವ ಮಗುವಿಗೂ ಸುಮ್ಮನಿದ್ದು ಸಹಿಸಿಕೋ ಎಂದು ಕಲಿಸಲಿಲ್ಲ, ದನಿಯೆತ್ತಿ ಹಾಡಲು ಕಲಿಸಿದರು. ನಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರಿ ಸಂಘ ಕಟ್ಟಿದರು. ಒಬ್ಬೊಬ್ಬರೇ ಸಾಹುಕಾರನ ಮುಂದೆ ಕುಗ್ಗುತ್ತಿದ್ದ ರೈತರು ಒಟ್ಟಾಗಿ ಎದ್ದು ನಿಂತದ್ದು ಹಾಗೆ. ಸಾಲದ ಭಾರ ಹಂಚಿಕೊಂಡ ನೆಲದವರಿಗೆ ಕಾಯಿಲೆಯ ಭಾರ ಹಂಚಿಕೊಳ್ಳುವುದು ಆಗದ ಮಾತಲ್ಲ.

ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಸರ್ಕಾರದ ಬಳಿ ಈಗಾಗಲೇ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರ್‌ಗಾಗಿ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಿವೆ, ಅವುಗಳಿಗೆ ಆಪ್ತಸಮಾಲೋಚಕರ ಹುದ್ದೆಗಳೂ ಇವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ಎಲ್ಲ ಎಳೆಗಳನ್ನು ಕಾಯಿಲೆಯವರ ಸುತ್ತ ಒಂದುಗೂಡಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಆದ್ದರಿಂದ ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಎರಡು ತಾಸು ಒಂದು ಕೋಣೆಯನ್ನು ದೀರ್ಘ ಕಾಯಿಲೆಯವರ ಕೂಟಕ್ಕೆ ಕೊಡಿ. ಸಂಧಿವಾತ, ಸಕ್ಕರೆ ಕಾಯಿಲೆ, ಡಯಾಲಿಸಿಸ್, ಮೂರ್ಛೆರೋಗದವರು ಎಲ್ಲರೂ ಬರಲಿ. ಆಪ್ತಸಮಾಲೋಚಕರು ಆರಂಭಿಸಲಿ, ಕಾಯಿಲೆಯೊಡನೆ ಬಾಳಿ ಅನುಭವವಿರುವವರಿಗೆ ತರಬೇತಿ ಕೊಟ್ಟು ಅವರ ಕೈಗೇ ಒಪ್ಪಿಸಲಿ. ಆಶಾ ಕಾರ್ಯಕರ್ತೆಯರು ಹಳ್ಳಿಯಿಂದ ಕಾಯಿಲೆಯವರನ್ನೂ ಮನೆಯವರಲ್ಲಿ ಒಬ್ಬರನ್ನೂ ಕರೆತರಲಿ. ಸಂಧಿವಾತವನ್ನೂ ಅಸಾಂಕ್ರಾಮಿಕ ರೋಗಗಳ ತಪಾಸಣೆಯಲ್ಲಿ ಸೇರಿಸಿ. "ಬೆಳಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿರತಾವು?" ಎಂಬ ಒಂದು ಪ್ರಶ್ನೆ ಎಷ್ಟೋ ಕೈಗಳನ್ನು ಉಳಿಸುತ್ತದೆ.

ಮನೆಯವರಲ್ಲಿ, ನೆರೆಯವರಲ್ಲಿ ಕೇಳುವುದು ಇನ್ನೂ ಚಿಕ್ಕದು. ಕಾಯಿಲೆಯವರನ್ನು ಕಂಡಾಗ "ಕಡಿಮಿ ಆತೇನು?" ಎನ್ನಬೇಡಿ, ವಾಸಿಯಾಗದ ಕಾಯಿಲೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. "ಇವತ್ತು ಯಾವ ಕೆಲಸ ಕಷ್ಟ ಆಗೇತಿ, ಏನ ಮಾಡ್ಲಿ?" ಎಂದು ಕೇಳಿ, ಹೇಳಿದ್ದನ್ನು ಮಾಡಿ. ಅಳು ಬಂದರೆ ಅಳಲು ಬಿಡಿ. ಹಾಡು ಬಂದರೆ ಜೊತೆಗೆ ಹಾಡಿ.

ಇದನ್ನು ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಬೆಳಗ್ಗೆ ಒಂದು ತಾಸಿಗಿಂತ ಹೆಚ್ಚು ಹೊತ್ತು ನಿಮ್ಮ ಬೆರಳುಗಳು ಬಿಗಿದಿರುತ್ತಿದ್ದರೆ, ಎರಡೂ ಕೈಯ ಕೀಲುಗಳು ಊದಿ ಕೆಲವು ವಾರ ಕಳೆದಿದ್ದರೆ, ಈ ವಾರವೇ ವೈದ್ಯರ ಬಳಿ ಹೋಗಿ. ಒಬ್ಬರೇ ಹೋಗಬೇಡಿ, ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಎದುರಿನಲ್ಲೇ ಎಲ್ಲವನ್ನೂ ಹೇಳಿ.